ನಾನೇ ಹೊಲಿದ ರೆಕ್ಕೆಯ ಮೇಲೆ

"ತಂಗೀ, ಬಾ, ಹತ್ತು!" ಎಂಜಿನ್ ಸದ್ದಿನ ನಡುವೆ ಅಣ್ಣ ಕೂಗಿದ. ಮುಂಡರಗಿಯಾಚೆಯ ಖಾಸಗಿ ರನ್‌ವೇ ಮೇಲೆ ಎರಡೇ ಸೀಟಿನ, ಸೇನೆಯ ಹಳೆಯ ತರಬೇತಿ ವಿಮಾನ ನಿಂತಲ್ಲೇ ನಡುಗುತ್ತಿತ್ತು. ವಾಯುಸೇನೆಯಿಂದ ನಿವೃತ್ತನಾದ ಅಣ್ಣ, ಗೆಳೆಯರನ್ನು ಕಟ್ಟಿಕೊಂಡು, ಗುಜರಿಗೆ ಹೋಗಬೇಕಿದ್ದ ಅದನ್ನು ಮತ್ತೆ ಹಾರುವಂತೆ ಮಾಡಿದ್ದ. ಅದರ ರೆಕ್ಕೆಗಳಿಗೆ ತಗಡಿಲ್ಲ, ಬಟ್ಟೆಯ ಹೊದಿಕೆ. ಆ ಬಟ್ಟೆ ಹೊಲಿದವಳು ಬೆಟಗೇರಿಯಲ್ಲಿ ರವಿಕೆ ಹೊಲಿಯುವ ನಾನು!

"ಅಣ್ಣಾ, ಮ್ಯಾಲೆ ಹೋದಾಗ ಹೊಲಿಗಿ ಬಿಚ್ಚಿದ್ರ?" ಎಂದೆ.

"ಆಗ್ಲೇ ಹಾರಿಸಿ ನೋಡೇವಿ. ನಿನ್ನ ಹೊಲಿಗಿ ಗಟ್ಟಿ ಐತಿ, ಅಂಜಬ್ಯಾಡವಾ!"

ಹಿಂದಿನ ಸೀಟಿನಲ್ಲಿ ಪೈಲಟ್ ಆಗಿ ಅಣ್ಣ, ಮುಂದೆ ಸೆರಗು ಬಿಗಿದು ಕುಳಿತ ನಾನು. ನೆಲ ಬಿಟ್ಟದ್ದು ತಿಳಿಯುವಷ್ಟರಲ್ಲಿ ಕೆಳಗೆ ತುಂಗಭದ್ರೆ ಥಳಥಳಿಸುತ್ತಿದ್ದಳು, ದೂರದಲ್ಲಿ ಕಪ್ಪತಗುಡ್ಡ ಕಣ್ಣಿನ ಮಟ್ಟಕ್ಕೆ ಬಂದಿತ್ತು. ಪಕ್ಕಕ್ಕೆ ನೋಡಿದೆ. ಅಷ್ಟು ಗಾಳಿಯಲ್ಲೂ ರೆಕ್ಕೆಯ ಬಟ್ಟೆ ಬಿಗಿಯಾಗಿ ನಿಂತಿತ್ತು, ಒಂದು ಎಳೆಯೂ ಸಡಿಲಾಗಿರಲಿಲ್ಲ. ಹೆದರಿಕೆ ಎಲ್ಲಿ ಹೋಯಿತೋ, ಜೋರಾಗಿ ಕೇಕೆ ಹಾಕಿಬಿಟ್ಟೆ.

ಈಗ ಯಾರಾದರೂ ಏನು ಕೆಲಸ ಮಾಡುತ್ತೀರಿ ಎಂದರೆ, ಟೇಲರ್ ಎಂದಷ್ಟೇ ಹೇಳಿ ಸುಮ್ಮನಿರಲು ಆಗುವುದಿಲ್ಲ. ಒಂದು ವಿಮಾನಕ್ಕೂ ಹೊಲಿದಿದ್ದೇನೆ, ಅದರಲ್ಲೇ ಹಾರಿಯೂ ಬಂದಿದ್ದೇನೆ ಎಂದು ಹೇಳಿಯೇ ತೀರುತ್ತೇನೆ.