ಮೆಲ್ಲಕ್ಕ ಬಿಚ್ಚಿದ ಸುತ್ತು

ಚಳಿ ಇನ್ನೂ ಊರು ಬಿಟ್ಟಿಲ್ಲ. ಓಣಿಯ ನಲ್ಲಿಗಳಲ್ಲಿ ನೀರು ಬರುವ ಮುಂಚಿನ ಗಾಳಿ ಬುಸುಗುಡುತ್ತಿರುವ ಹೊತ್ತಿಗೇ ಮೆಲ್ಲಕ್ಕ ಮೊದಲ ಮನೆಯ ಹಿಂಬಾಗಿಲು ತಟ್ಟುತ್ತಾರೆ. ಮುಂಬಾಗಿಲಿನ ಚಿಲಕ ಸದ್ದು ಮಾಡುತ್ತದೆ, ಬಾಣಂತಿ ಆಗಷ್ಟೇ ಕಣ್ಣು ಮುಚ್ಚಿರುತ್ತಾಳೆ. ಒಳಗೆ ಬಂದವರು ಯಾರನ್ನೂ ಮಾತಾಡಿಸದೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಎರಡೂ ಅಂಗೈಗಳನ್ನು ಕಾಯಿಸಿ, ಉಜ್ಜಿ, ತಮ್ಮ ಕೆನ್ನೆಗೆ ಒತ್ತಿ ನೋಡಿಕೊಳ್ಳುತ್ತಾರೆ. ಕೆನ್ನೆಗೆ ಹಿತವೆನಿಸಿದ ಮೇಲೇ ಕೂಸಿಗೆ ಕೈ ಹಾಕುವುದು.

ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು. ಎಡ ಮುಂಗೈ ಮೇಲೆ ಕೂಸಿನ ಕತ್ತು, ಬಲಗೈಯಲ್ಲಿ ಮೆತ್ತನೆ ಬಟ್ಟೆ. ಕಿವಿಯ ಹಿಂದೆ, ಗಲ್ಲದ ಮಡಿಕೆಯಲ್ಲಿ, ಬಿಗಿಹಿಡಿದ ಮುಷ್ಟಿಯೊಳಗೆ ಎಲ್ಲೆಲ್ಲಿ ಹಾಲು ಇಳಿದು ಹುಳಿಯಾಗುತ್ತದೋ ಅಲ್ಲೆಲ್ಲ ಆ ಬಟ್ಟೆ ಹೋಗಿಬರುತ್ತದೆ. 'ಮೆಲ್ಲಗೆ, ಮೆಲ್ಲಗೆ' ಎಂದು ಬಾಯಿ ಗೊಣಗುತ್ತಲೇ ಇರುತ್ತದೆ. ಅದು ಕೂಸಿಗೆ ಹೇಳಿದ್ದೋ, ನೀರು ಹುಯ್ಯುವ ಅಜ್ಜಿಗೋ, ತಮ್ಮ ಕೈಗೋ ಗೊತ್ತಾಗುವುದಿಲ್ಲ. ಆ ಗೊಣಗೇ ಅವರನ್ನು ಮೆಲ್ಲಕ್ಕನನ್ನಾಗಿ ಮಾಡಿದೆ. ಸ್ವಂತ ಮಗಳೂ ಈಗ ಹಾಗೇ ಕರೆಯುತ್ತಾಳಂತೆ.

ಸ್ನಾನ ಸುಲಭದ ಭಾಗ. ಅದಾದ ಮೇಲೆ ತಾಯಿಯ ಪಕ್ಕ ಕೂತು ಹಾಲು ಕುಡಿಸುವುದನ್ನು ನೋಡಬೇಕು. ಮೊದಲ ವಾರಗಳಲ್ಲಿ ಎದೆ ಕಲ್ಲಿನಂತೆ ಬಿಗಿದಿರುತ್ತದೆ, ತೊಟ್ಟು ಸೀಳಿರುತ್ತದೆ, ಕೂಸು ಬಾಯಿ ಹಾಕಿದ ಕೂಡಲೇ ತಾಯಿಯ ಕಾಲ್ಬೆರಳು ಮಡಚಿಕೊಳ್ಳುತ್ತವೆ. ಮೆಲ್ಲಕ್ಕ ನೋಡುವುದು ಆ ಕಾಲ್ಬೆರಳನ್ನೇ. ಅವು ಮಡಚಿದರೆ ಕಿರುಬೆರಳನ್ನು ಕೂಸಿನ ಬಾಯಂಚಿಗೆ ತೂರಿಸಿ ಬಿಡಿಸಿ, ಆಕಳಿಸುವಷ್ಟು ಅಗಲ ಬಾಯಿ ತೆರೆಯುವ ತನಕ ಕಾದು, ಮತ್ತೆ ಹಿಡಿಸುತ್ತಾರೆ. ಬಾಗಿ ಬಾಗಿ ಕುಡಿಸುವವರಿಗೆ ಅವರ ಬೈಗುಳ ಒಂದೇ: "ನೀನು ಕೂಸಿನ ಹತ್ತಿರ ಹೋಗಬೇಡ ತಾಯಿ, ಕೂಸನ್ನ ನಿನ್ನ ಹತ್ತಿರ ತಗೋ. ಬೆನ್ನು ಹೋದ್ರೆ ಸಾಲ ಕೊಡೋರು ಯಾರೂ ಇಲ್ಲ."

ಇದು ಅವರು ಹುಟ್ಟಿನಿಂದ ಕಲಿತ ಕೆಲಸವಲ್ಲ. ಹರೆಯವನ್ನೆಲ್ಲ ಅವರು ಕಳೆದದ್ದು ಆಸ್ಪತ್ರೆಯ ಹಿಂಭಾಗದ ಬಟ್ಟೆ ಒಗೆಯುವ ಕೋಣೆಯಲ್ಲಿ. ಹಬೆ, ಸೋಡಾಪುಡಿಯ ಘಾಟು, ಮೊಳಕಾಲುದ್ದದ ರಬ್ಬರ್ ಬೂಟು. ಒಗೆದ ಚಾದರಗಳನ್ನು ಹೆರಿಗೆ ವಾರ್ಡಿಗೆ ತಲುಪಿಸುವಾಗ ಅಲ್ಲಿನ ಹಳೆಯ ಆಯಾಗಳು ಕರೆದು ಇದನ್ನು ಹಿಡಿ, ಅದನ್ನು ಮಡಚು ಎನ್ನುತ್ತಿದ್ದರು. ದೊಡ್ಡ ಯಂತ್ರಗಳು ಬಂದು ಕೋಣೆ ಮುಚ್ಚಿದಾಗ ಮೆಲ್ಲಕ್ಕನ ಕೈಯಲ್ಲಿ ಉಳಿದದ್ದು ಎರಡು: ವಾಸಿಯಾಗದ ಬೆರಳ ಸಂದಿಯ ಬಿರುಕು, ಮತ್ತು ಬಟ್ಟೆ ಮಡಚುವ ವಿದ್ಯೆ.

ಆ ವಿದ್ಯೆಗೆ ಓಣಿಯಲ್ಲಿ ಹೆಸರಿದೆ. ಮೆಲ್ಲಕ್ಕನ ಸುತ್ತು. ಚೌಕದ ಬಟ್ಟೆಯ ಒಂದು ಮೂಲೆ ಮಡಚಿ, ಕೂಸನ್ನು ಮಲಗಿಸಿ, ಬಲಗೈಯನ್ನು ಪಕ್ಕೆಗೆ, ಎಡಗೈಯನ್ನು ಪಕ್ಕೆಗೆ ಇಟ್ಟು, ಕೆಳಗಿನ ಮೂಲೆ ಮೇಲೆ ತಂದು ಸಿಕ್ಕಿಸಿದರೆ ಮುಗಿಯಿತು. ಎಂಥ ರಚ್ಚೆ ಹಿಡಿದ ಕೂಸೂ ಎರಡು ಸಲ ಮುಖ ಹಿಂಡಿ ನಿದ್ದೆಗೆ ಜಾರುತ್ತದೆ. ಸುತ್ತು ಹಾಕಿಸಿಕೊಳ್ಳಲೆಂದೇ ಅಕ್ಕಪಕ್ಕದ ಬೀದಿಗಳಿಂದ ಕರೆ ಬರುತ್ತಿತ್ತು. ಲಾರಿ ಓಡಿಸುವ ಒಬ್ಬ ಅಪ್ಪ, ಅಕ್ಕ ನನಗೂ ಒಂದು ದೊಡ್ಡ ಸುತ್ತು ಹಾಕಿ, ಎರಡು ದಿನ ಮಲಗಿ ಏಳ್ತೀನಿ ಎಂದು ಬಾಗಿಲಲ್ಲಿ ಅಡ್ಡ ನಿಂತಿದ್ದನಂತೆ.

ಆ ಲಾರಿಯವನ ಮನೆಯ ಕಥೆಯನ್ನು ಮೆಲ್ಲಕ್ಕ ತಾವಾಗಿಯೇ ಹೇಳುತ್ತಾರೆ.

ಅವನ ತಾಯಿ ದರ್ಜಿ. ಬೀದಿಗೆ ಮುಖ ಮಾಡಿದ ಕಿಟಕಿಯಲ್ಲಿ ಅವರ ಹೊಲಿಗೆ ಯಂತ್ರ ಕೂತಿದೆ. ಮೆಲ್ಲಕ್ಕನ ಮಗಳು ಕೈಗೂಸಾಗಿದ್ದಾಗ ಮೆಲ್ಲಕ್ಕನಿಗೆ ಜ್ವರ ಏರಿ ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಬೇಕಾಯಿತು. ಆಗ ತನ್ನ ಮಗನನ್ನು ಒಂದು ಪಕ್ಕ, ಮೆಲ್ಲಕ್ಕನ ಮಗಳನ್ನು ಇನ್ನೊಂದು ಪಕ್ಕ ಹಾಕಿಕೊಂಡು ಇಬ್ಬರಿಗೂ ಎದೆಹಾಲು ಕೊಟ್ಟವರು ಈ ದರ್ಜಿ. ತಿರುಗಿ ಕೊಡಲು ಮೆಲ್ಲಕ್ಕನಿಗೆ ಒಂದು ದಿನವೂ ಸಂದರ್ಭ ಸಿಕ್ಕಿರಲಿಲ್ಲ. ಈ ಚಳಿಗಾಲದಲ್ಲಿ ದರ್ಜಿಯ ಸೊಸೆಗೆ ಹೆಣ್ಣುಕೂಸು ಹುಟ್ಟಿದಾಗ, ಎರಡು ಹೊತ್ತೂ ನಾನೇ ಬರುತ್ತೇನೆ, ಏನಾದರೂ ಕೊಡಲು ಬಂದರೆ ನಿನ್ನ ಬಾಗಿಲು ತುಳಿಯುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟರು. ದರ್ಜಿಯೂ ಒಂದು ಷರತ್ತು ಹಾಕಿದರು. ಜೀವಮಾನವಿಡೀ ಕಂಡವರ ಬಟ್ಟೆ ಒಗೆದಿದ್ದೀಯ, ನನ್ನ ಮನೆಯಲ್ಲಿ ಮಾತ್ರ ಬಟ್ಟೆ ಮುಟ್ಟಬೇಡ, ಕೂಸಿನ ಬಟ್ಟೆಯನ್ನು ನಾನೇ ಒಗೆದುಕೊಳ್ಳುತ್ತೇನೆ ಎಂದು.

ಕೂಸು ಬಂಗಾರದಂಥದ್ದು ಎಂದು ಬೀದಿಯೆಲ್ಲ ಮಾತಾಡಿತು. ಅಳುವುದಿಲ್ಲ, ರಂಪವಿಲ್ಲ, ಸುತ್ತು ಹಾಕಿ ಇಟ್ಟರೆ ಇಟ್ಟ ಕಡೆ ಮಲಗಿರುತ್ತದೆ. ನೋಡಲು ಬಂದ ಹೆಂಗಸರು, ಮನೆಯಲ್ಲಿ ಕೂಸು ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲವಲ್ಲ ಎಂದರೆ, ಎಲ್ಲ ಮೆಲ್ಲಕ್ಕನ ಕೈಗುಣ ಎಂದು ದರ್ಜಿ ಯಂತ್ರ ತುಳಿಯುತ್ತಲೇ ಹೇಳುತ್ತಿದ್ದರು. ಅತ್ತಾಗ ಕುಡಿಸು, ಇಲ್ಲದಿದ್ದರೆ ನೀನೂ ಮಲಗಿ ಸುಧಾರಿಸಿಕೋ ಎಂದು ಸೊಸೆಗೆ ಹೇಳಿದ್ದರು. ಸೊಸೆ ಮಾತು ಕಡಿಮೆಯವಳು. ಒಂದು ಬೆಳಿಗ್ಗೆ ಮಾತ್ರ, ಅಕ್ಕ, ಇವಳು ನನ್ನನ್ನು ಕೇಳುವುದೇ ಇಲ್ಲವಲ್ಲ ಎಂದಿದ್ದಳಂತೆ. ಅತ್ತೆ ನಕ್ಕರು, ನಿನ್ನ ಪುಣ್ಯ ಕಣೆ ಎಂದರು. ಮೆಲ್ಲಕ್ಕನೂ ನಕ್ಕರು.

"ಆ ನಗು ಈಗ್ಲೂ ಗಂಟಲಲ್ಲೇ ಇದೆ" ಎನ್ನುತ್ತಾರೆ ಅವರು.

ಆಮೇಲೆ ತೂಕ ನೋಡುವ ನರ್ಸ್ ಮನೆಗೆ ಬಂದರು. ಬಾಗಿಲ ಕೊಂಡಿಗೆ ತಕ್ಕಡಿ ಸಿಕ್ಕಿಸಿ ಕೂಸನ್ನು ಜೋಲಿಯಲ್ಲಿ ಮಲಗಿಸಿದರೆ ಮುಳ್ಳು ಹುಟ್ಟಿದ ದಿನದ ಗೆರೆಯಿಂದ ತುಂಬ ಕೆಳಗೆ ನಿಂತಿತು. ನರ್ಸ್ ಕೆಳಗಿಳಿಸಿ, ಮತ್ತೆ ಏರಿಸಿ ನೋಡಿದರು. ಆಗಲೂ ಅಷ್ಟೇ. ದಿನಕ್ಕೆ ಒದ್ದೆ ಬಟ್ಟೆ ಎಷ್ಟಾಗುತ್ತವೆ ಎಂದು ಕೇಳಿದರು. ಚೊಕ್ಕ ಕೂಸು, ಒಗೆಯುವ ಕೆಲಸವೇ ಕೊಡುವುದಿಲ್ಲ ಎಂದರು ದರ್ಜಿ, ಇನ್ನೂ ಹೆಮ್ಮೆಯಿಂದಲೇ. ಹೇಳುತ್ತಿದ್ದಂತೆ ಅವರ ಕಣ್ಣು ಕಿಟಕಿಯ ಕಡೆ ಹೊರಳಿತು. ಮೆಲ್ಲಕ್ಕ ಕಿಟಕಿಯಾಚೆ ಒಣಹಾಕಿದ ಹಗ್ಗ ನೋಡಿದರು. ಅಲ್ಲಿ ಕೂಸಿನ ಚಿಂದಿಬಟ್ಟೆ ಎರಡೇ ನೇತಾಡುತ್ತಿದ್ದವು. ಬೇರೆ ಯಾವ ಮನೆಯಲ್ಲಾದರೂ ಆ ಬಟ್ಟೆಗಳು ಅವರ ಕೈ ಮೇಲೇ ಹಾದುಹೋಗುತ್ತಿದ್ದವು, ಒದ್ದೆ ಕಡಿಮೆಯಾದದ್ದು, ಹೊಟ್ಟೆಗೆ ಹಾಲು ಸಾಲದ್ದು ಮೊದಲ ದಿನವೇ ತಿಳಿಯುತ್ತಿತ್ತು. ಇಲ್ಲಿ ಗೆಳತಿಯ ಪ್ರೀತಿ ಅಡ್ಡ ಬಂದಿತ್ತು.

ನರ್ಸ್ ಕೂಸನ್ನು ಬರೀ ಮೈಯಲ್ಲಿ ತಾಯಿಯ ಮಡಿಲಲ್ಲಿ ಮಲಗಿಸಿ, ಸುಮ್ಮನೆ ನೋಡಿ ಎಂದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಬಳಿಕ ಕೂಸಿನ ಮುಷ್ಟಿ ಮೆಲ್ಲಗೆ ಬಾಯಿಯ ಕಡೆ ಏರಿತು, ಮುಖ ಆ ಕಡೆ ಈ ಕಡೆ ತಿರುಗಿ ತಡಕಾಡಿತು.

"ಹಸಿವಾದ್ರೆ ಮೊದಲು ಕೈ ಬಾಯಿಗೆ ಬರುತ್ತೆ. ಅಳೋದು ಎಲ್ಲಕ್ಕಿಂತ ಕೊನೆಗೆ, ಅದಕ್ಕೂ ಶಕ್ತಿ ಬೇಕಲ್ಲ" ಎಂದರು ನರ್ಸ್. "ಕೈ ಎರಡೂ ಕಟ್ಟಿಟ್ಟರೆ ಪಾಪ, ಹೇಗೆ ಕೇಳಬೇಕು? ಯಾರು ಸುತ್ತಿದ್ದು?"

ದರ್ಜಿ ಬಾಯಿ ತೆರೆದರು, ನಾನೇ ಎನ್ನುವವರಂತೆ. ಅಷ್ಟರಲ್ಲಿ ಮೆಲ್ಲಕ್ಕ ಹೇಳಿಬಿಟ್ಟರು: "ನಾನು."

ನರ್ಸ್ ಗದರಲಿಲ್ಲ. ಅತ್ತಾಗಲ್ಲ, ಎಬ್ಬಿಸಿ ಎಬ್ಬಿಸಿ ಕುಡಿಸಬೇಕು, ಕುಡಿದ ಮೇಲೆ ಉಳಿದ ಹಾಲನ್ನು ಹಿಂಡಿ ಬಟ್ಟಲಿನಿಂದ ಕೊಡಬೇಕು ಎಂದು ಬಿಡಿಸಿ ಹೇಳಿದರು. ಕೂಸು ಏಳದಿದ್ದರೆ, ಬಾಯಿ ಹಾಕದಿದ್ದರೆ ಆ ಗಳಿಗೆಯೇ ಆಸ್ಪತ್ರೆಗೆ ತನ್ನಿ, ನಾಡಿದ್ದು ಮತ್ತೆ ಬರುತ್ತೇನೆ, ಮುಳ್ಳು ಮೇಲೇರದಿದ್ದರೆ ನಾನೇ ಕರೆದುಕೊಂಡು ಹೋಗಿ ಸೇರಿಸುತ್ತೇನೆ ಎಂದರು. ಅವರು ಹೋದ ಮೇಲೆ ಸೊಸೆ ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು.

"ಇನ್ನು ಇವಳನ್ನ ಯಾರೂ ಎತ್ಕೋಬೇಡಿ" ಎಂದಳು. "ಅತ್ತೆ, ನೀವೂ ಅಷ್ಟೇ. ಅಕ್ಕ, ನೀವೂ."

ಮೆಲ್ಲಕ್ಕ ಅಲ್ಲಿಂದ ನೇರ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಆ ತಿಂಗಳು ಸುತ್ತು ಹಾಕಿಕೊಟ್ಟಿದ್ದ ಮನೆಗಳಿಗೆಲ್ಲ ನಡೆದರು. ಬೇಕರಿಯ ಹಿಂದಿನ ಮನೆ, ನೀರಿನ ತೊಟ್ಟಿಯ ಪಕ್ಕದ ಮನೆ, ಅವಳಿ ಕೂಸುಗಳ ಮನೆ. ಹೋದಲ್ಲೆಲ್ಲ ಸುತ್ತು ಬಿಚ್ಚಿ, ಕೈಗಳನ್ನು ಹೊರಗೆ ತೆಗೆದು, ನಾನು ಕಲಿಸಿದ್ದು ತಪ್ಪು ಎಂದು ಹೇಳಿದರು. ಒದ್ದೆ ಬಟ್ಟೆ ಕೇಳಿದರು. ಉಳಿದ ಕೂಸುಗಳು ಚೆನ್ನಾಗಿಯೇ ಇದ್ದವು, ಹಾಲು ಕೇಳಿ ಕೇಳಿ ಕುಡಿಯುವ ಗಟ್ಟಿ ಪಿಂಡಗಳು. ಆದರೂ ಹೇಳಿದ್ದನ್ನು ಹಿಂತೆಗೆದುಕೊಳ್ಳಲಿಲ್ಲ.

ಎಲ್ಲರೂ ಒಳ್ಳೆಯ ಮುಖದಿಂದ ಕೇಳಿಸಿಕೊಂಡರೆಂದೇನಲ್ಲ. ನಿನ್ನೆ ತನಕ ಕಟ್ಟು ಅಂದೆ, ಇವತ್ತು ಬಿಚ್ಚು ಅಂತೀಯ, ನಿನ್ನ ತಲೆಗೇ ಒಂದು ಸುತ್ತು ಬೇಕು ಎಂದರು ಅವಳಿಗಳ ಅಜ್ಜಿ. ಬೇಕರಿಯವರು, ಕೂಸು ಅಳುವಂತೆ ಮಾಡುವುದಕ್ಕೆ ನೀವು ಯಾಕೆ ಬೇಕು ಎಂದು ಅವರನ್ನು ಕರೆಯುವುದನ್ನೇ ನಿಲ್ಲಿಸಿಬಿಟ್ಟರು. ಮೆಲ್ಲಕ್ಕ ವಾದಕ್ಕೆ ಇಳಿಯಲಿಲ್ಲ. "ಅವರು ಅಂದಿದ್ರಲ್ಲಿ ತಪ್ಪೇನಿದೆ? ಕೈಗೆ ಹತ್ತಿದ್ದು ಬಿಡೋದು ನನಗೇ ಕಷ್ಟ. ಈಗ್ಲೂ ಚೌಕದ ಬಟ್ಟೆ ಕಂಡ್ರೆ ಬೆರಳು ತಾವಾಗೇ ಮೂಲೆ ಮಡಚ್ತವೆ."

ದರ್ಜಿಯ ಮನೆಗೆ ಮರುದಿನವೂ ಹೋದರು. ಸೊಸೆ ಬೇಡ ಎನ್ನಲಿಲ್ಲ, ಬನ್ನಿ ಎಂದೂ ಅನ್ನಲಿಲ್ಲ. ಕೋಣೆಯ ಹೊಸ್ತಿಲಾಚೆ ಕೂತರು. ಕೈ ಮಡಿಲಲ್ಲಿತ್ತು, ಕೆಲಸ ಮಾಡಿದ್ದು ಬಾಯಿ ಮಾತ್ರ. ಕೂಸನ್ನು ಬರೀ ಎದೆಯ ಮೇಲೆ ಹಾಕಿಕೊಂಡು ಇಬ್ಬರ ಮೇಲೂ ಕಂಬಳಿ ಹೊದಿಸಿಕೋ, ಮುಖ ಮಾತ್ರ ಮುಚ್ಚಬೇಡ ಎಂದರು. ಅಂಗಾಲು ತಿಕ್ಕು. ನಿದ್ದೆಗೆ ಜಾರಿದರೆ ಪಕ್ಕ ಬದಲಿಸು. ಗುಟುಕು ಇಳಿಯುವ ಸದ್ದು ಕೇಳುತ್ತಿದೆಯಾ? ಮೆಲ್ಲಕ್ಕ ಹೇಳಿದ್ದನ್ನೆಲ್ಲ ಸೊಸೆ ಮಾಡಿದಳು. ಮೊದಮೊದಲು ಕೂಸು ನಾಲ್ಕು ಸಲ ಚೀಪಿ ಮಲಗುತ್ತಿತ್ತು. ಸಂಜೆಯ ಹೊತ್ತಿಗೆ ಅಗಲ ಬಾಯಿ ಹಾಕಿ ಒಂದೇ ಸಮ ಎಳೆಯತೊಡಗಿತು. ತಾಯಿಯ ಕಾಲ್ಬೆರಳು ಸಡಿಲವಾಗಿಯೇ ಇದ್ದವು.

ದರ್ಜಿ ಯಂತ್ರ ತುಳಿಯುವುದನ್ನು ಬಿಟ್ಟು ಹಗ್ಗ ಕಾಯುತ್ತ ಕೂತರು. ಹೊಸ ಬಟ್ಟೆಯೊಂದು ಒದ್ದೆಯಾದಾಗಲೆಲ್ಲ ಅದನ್ನು ಎತ್ತಿ ಹಿಡಿದು ಹೊಸ್ತಿಲಿಗೆ ತಂದು ತೋರಿಸುತ್ತಿದ್ದರು. ಲಾರಿಯಿಂದ ಇಳಿದು ಬಂದ ಮಗ, ಇದೇನಮ್ಮ ಬಾವುಟ ಎಂದ. ತಾಯಿ ಅವನ ಬೆನ್ನಿಗೆ ಅದರಿಂದಲೇ ಒಂದು ಬಾರಿಸಿದರು.

ಹೇಳಿದ ದಿನಕ್ಕೆ ನರ್ಸ್ ಬಂದರು. ಮುಳ್ಳು ಎರಡು ದಿನದ ಹಿಂದೆ ನಿಂತಲ್ಲಿ ನಿಲ್ಲದೆ ಮೇಲೆ ಸರಿಯಿತು. ಹುಟ್ಟಿದ ದಿನದ ಗೆರೆ ಇನ್ನೂ ದೂರವಿತ್ತು. ಆದರೆ ದಾರಿ ಸರಿಯಿದೆ, ಆಸ್ಪತ್ರೆ ಬೇಡ, ಹೀಗೇ ನಡೆಸಿ ಎಂದರು ನರ್ಸ್. ಜೋಲಿಯಲ್ಲಿ ತೂಗಿಹಾಕಿದ್ದಕ್ಕೆ ಕೂಸು ಮೊದಲ ಬಾರಿಗೆ ಮನೆ ಹಾರಿಹೋಗುವಂತೆ ಕಿರುಚಿತು. ಯಾರೂ ಸಮಾಧಾನ ಮಾಡಲು ಅವಸರಪಡಲಿಲ್ಲ. ನಾಲ್ವರು ಹೆಂಗಸರು ನಿಂತು ಆ ಅಳುವನ್ನು ಹಾಡು ಕೇಳಿದಂತೆ ಕೇಳಿದರು.

ಈಗ ಕೂಸಿಗೆ ಕೆನ್ನೆ ಬಂದಿದೆ, ಮಣಿಕಟ್ಟಿನಲ್ಲಿ ದಾರ ಕಟ್ಟಿದಂಥ ಮಡಿಕೆ ಬಿದ್ದಿದೆ. ಇಂದು ಬೆಳಿಗ್ಗೆ ಮೆಲ್ಲಕ್ಕ ಹೊಸ್ತಿಲಾಚೆ ಕೂತಿರುವಾಗ ಸೊಸೆ ಎದ್ದು ಬಂದು, ತಿಂಡಿ ಆರಿಹೋಗುತ್ತೆ ಅಕ್ಕ, ಸ್ವಲ್ಪ ಹಿಡ್ಕೊಳ್ಳಿ ಎಂದು ಕೂಸನ್ನು ಅವರ ತೋಳಿಗೆ ಹಾಕಿ ಅಡುಗೆಮನೆಗೆ ಹೋಗುತ್ತಾಳೆ. ತಿರುಗಿ ನೋಡುವುದಿಲ್ಲ. ಮೆಲ್ಲಕ್ಕ ಕೂಸಿನ ಎರಡು ಮುಷ್ಟಿಗಳನ್ನೂ ಹೊದಿಕೆಯಿಂದ ಹೊರಗೆ ತೆಗೆದು ಕೂರುತ್ತಾರೆ.

ಕಿಟಕಿಯಲ್ಲಿ ಸೂಜಿಗೆ ನೂಲು ಪೋಣಿಸುತ್ತಿದ್ದ ದರ್ಜಿ, ಇವರನ್ನು ನೋಡಿ, ಆಯ್ತಲ್ಲ, ಆ ಹಳೇ ಸಾಲ ಇವತ್ತಿಗೆ ತೀರಿತು ಬಿಡು ಎನ್ನುತ್ತಾರೆ.

"ಎಲ್ಲಿ ತೀರಿತು?" ಎನ್ನುತ್ತಾರೆ ಮೆಲ್ಲಕ್ಕ. "ನೀನು ನನ್ನ ಮಗಳ ಹೊಟ್ಟೆ ತುಂಬಿಸಿದೆ. ನಾನು ನಿನ್ನ ಮೊಮ್ಮಗಳನ್ನ ಹಸಿದಿಟ್ಟೆ. ಬೆಳೀತು ಅನ್ನು."

"ಹಾಗಾದ್ರೆ ಏನ್ ಮಾಡ್ತೀಯ?"

"ಏನ್ ಮಾಡೋದು. ತೀರಿಸ್ಲಿಕ್ಕೆ ಬರ್ತಾ ಇರ್ತೀನಿ."

ದರ್ಜಿ ನೂಲಿನ ತುದಿಯನ್ನು ಹಲ್ಲಿನಿಂದ ಕಡಿದು, ಬಾಕಿ ಇರಲಿ ಹಾಗಾದರೆ ಎಂದು ಯಂತ್ರ ತುಳಿಯುತ್ತಾರೆ.