ರಿಜಿಸ್ಟರಿನಲ್ಲಿ ಹೆಸರಿಲ್ಲದ ಹೆಣ್ಣು ಮಗು

ನಾನು ಹುಟ್ಟಿದ್ದು ಅಮ್ಮನ ತವರಿನಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಪಟ್ಟಣ ಪಂಚಾಯಿತಿಯಲ್ಲಿ. ನಾಮಕರಣವಾದದ್ದು ಮೂರು ತಿಂಗಳ ನಂತರ, ಗವಿಪುರದ ನಮ್ಮ ಮನೆಯಲ್ಲಿ. ಹೆಸರನ್ನು ಪಂಚಾಯಿತಿಗೂ ತಿಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ಇಪ್ಪತ್ತಾರು ವರ್ಷ ಅವರ ರಿಜಿಸ್ಟರಿನಲ್ಲಿ ನಾನು ಬರೀ ‘ಹೆಣ್ಣು ಮಗು’.

ಕೊಲಂಬೊದ ವಿಚಾರ ಸಂಕಿರಣಕ್ಕೆ ನನ್ನ ಪ್ರಬಂಧ ಆಯ್ಕೆಯಾದಾಗ ಪಾಸ್‌ಪೋರ್ಟ್ ಬೇಕಾಯಿತು. ಅದಕ್ಕೆ ಹೆಸರಿರುವ ಜನನ ಪ್ರಮಾಣಪತ್ರ. ಪಾಸ್‌ಪೋರ್ಟ್ ಕಚೇರಿ ಕೊಟ್ಟ ದಿನ ಶುಕ್ರವಾರ. ಗುರುವಾರ ಬೆಳಿಗ್ಗೆ ಅಂಕಪಟ್ಟಿ, ಆಧಾರ್ ಎಲ್ಲವನ್ನೂ ಕ್ರಮವಾಗಿ ಜೋಡಿಸಿಕೊಂಡು ಪಂಚಾಯಿತಿಯಲ್ಲಿ ನಿಂತಿದ್ದೆ.

ಗುಮಾಸ್ತರು ನನ್ನ ಫೈಲನ್ನು ಹೊಗಳಿದರು, ತೆರೆಯಲಿಲ್ಲ. “ಇದೆಲ್ಲ ಸರಿ ತಾಯಿ. ಆ ಮಗು ನೀವೇ ಅಂತ ಹೇಳಕ್ಕೆ ಊರೋರು ಇಬ್ಬರು ಬೇಕಲ್ಲ.”

ನಮ್ಮವರು ಯಾರೂ ಅಲ್ಲಿ ಉಳಿದಿಲ್ಲ ಎಂದೆ. ಅವರು ಕಿಟಕಿಯಾಚೆ ತಲೆ ಹಾಕಿ, ನೀರಿನ ಕಂದಾಯದ ಸಾಲಿಗೆ ನನ್ನ ಹುಟ್ಟಿದ ದಿನ, ತಾತನ ಕೆಲಸ, ಅಮ್ಮ ಎಷ್ಟನೆಯ ಮಗಳು ಎಂಬುದನ್ನೆಲ್ಲ ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ಸಾರಿದರು. ಅಲ್ಲಿ ಏನೇ ಸಾರಿದರೂ ಹಾಗೆಯೇ. ಪಕ್ಕದ ಮನೆಯವರಿಗೆ ನಾನು ಏನು ಓದುತ್ತಿದ್ದೇನೆಂದು ಕೂಡ ಹೇಳಿದವಳಲ್ಲ. ನೆಲ ನೋಡುತ್ತ ನಿಂತೆ.

ಸಾಲಿನಿಂದ ಒಬ್ಬ ಅಜ್ಜಿ ಬಂದು ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. “ಪೋಸ್ಟ್‌ಮಾಸ್ಟರ್ ಮೊಮ್ಮಗಳಾ? ನಿಂಗೆ ಎಣ್ಣೆನೀರು ಹಾಕ್ದೋಳೇ ನಾನು. ನಮ್ಮ ಬೋಂಡಾ ಅಲ್ವೇನೆ?”

ಅವರ ಹಿಂದಿದ್ದ ಮುದುಕರೂ ಒಪ್ಪಿದರು. “ಅವುನು, ಬೋಂಡಾನೇ. ಈಗ ಸಣ್ಣಗಾಗವಳೆ, ಅಷ್ಟೇ.”

ಸಾಕ್ಷಿಗಳೇನೋ ಸಿಕ್ಕರು. ಆದರೆ ಅಂಕಪಟ್ಟಿಯ ಹೆಸರನ್ನು ಅವರು ಕೇಳಿಯೇ ಇರಲಿಲ್ಲ. ಕೇಳದ ಹೆಸರಿಗೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಅಜ್ಜಿ ಪಟ್ಟು ಹಿಡಿದರು. ಗುಮಾಸ್ತರು ಯೋಚಿಸಿದರು. “ಎರಡೂ ಬರೀತೀನಿ. ಮಧ್ಯ ಉರುಫ್ ಹಾಕಿದ್ರಾಯ್ತು.”

“ಅದು ಬೇಡ ಸರ್. ಮನೇಲಿ ಕರೆಯೋದು.”

“ಹಂಗಾದ್ರೆ ಬೇರೆ ಸಾಕ್ಷಿ ಹುಡುಕ್ಕೊಳ್ಳಿ. ಸೋಮವಾರ ಬನ್ನಿ.”

ಬರೆಯಿರಿ ಎಂದೆ.

ಮರುದಿನ ಪಾಸ್‌ಪೋರ್ಟ್ ಕಚೇರಿಯ ಕೌಂಟರಿನಲ್ಲಿದ್ದವಳು ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಪ್ರಮಾಣಪತ್ರವನ್ನು ಎರಡು ಸಲ ಓದಿದಳು, ನಗಲಿಲ್ಲ. ‘ಬೇರೆ ಹೆಸರಿನಿಂದ ಪರಿಚಿತರೇ?’ ಎಂಬ ಪ್ರಶ್ನೆಗೆ ನಾನು ಹಾಕಿದ್ದ ‘ಇಲ್ಲ’ವನ್ನು ‘ಹೌದು’ ಮಾಡಿ, ಪರದೆಯನ್ನು ನನ್ನ ಕಡೆ ತಿರುಗಿಸಿದಳು.

“ಎರಡೂ ಹೆಸರು ನೀವೇ ಒಂದ್ಸಲ ಓದ್ಬಿಡಿ ಮೇಡಂ. ಆಮೇಲೆ ಬದಲಾಯಿಸೋಕಾಗಲ್ಲ.”

ಓದಿದೆ. ಮೊದಲನೆಯದನ್ನು ಸ್ಪಷ್ಟವಾಗಿ, ಎರಡನೆಯದನ್ನು ಆದಷ್ಟು ಬೇಗ.