ಮಾವನ ಹೊಲಿಗೆಯ ಗಂಟು

ನೂಲಿನ ಗಿರಣಿ ಮುಚ್ಚಿದ ವರ್ಷ ನಮ್ಮ ಸೀಮೆಯಲ್ಲಿ ಬೆಳೆದದ್ದು ಕಳ್ಳತನ ಒಂದೇ. ಒಣಹಾಕಿದ ಚಡ್ಡಿ, ಬಾವಿಯ ರಾಟೆ, ಪೇದೆಯ ಸೈಕಲ್ಲಿನ ಗಂಟೆ, ಯಾವುದನ್ನೂ ಬಿಡಲಿಲ್ಲ. ಒಂದು ಮನೆಯಲ್ಲಿ ಬೀಗ ಒಡೆದು ಒಳಗೆ ಹೋದವನು ಸುತ್ತ ನೋಡಿ, ಬೀಗವನ್ನಷ್ಟೇ ಒಯ್ದಿದ್ದ. ಉಳಿದದ್ದು ಹೊರಲು ಯೋಗ್ಯವಲ್ಲವೆಂದು ಅವನಿಗೂ ಅನಿಸಿರಬೇಕು.

ಅಂಥ ಕಾಲದಲ್ಲಿ ಹೊಸ ಬಟ್ಟೆ ಹೊಲಿಸುವವರು ಯಾರು? ದರ್ಜಿಯಾಗಿದ್ದ ನಮ್ಮ ಸೋದರಮಾವ ಮಿಷನ್ನಿಗೆ ಎಣ್ಣೆ ಬಿಡುತ್ತ, ನೊಣ ಹೊಡೆಯುತ್ತ ಕೂತಿದ್ದ. ಬೀದಿಯಲ್ಲಿ ಜೇಬುಗಳ್ಳರು ಹೆಚ್ಚಿದ್ದೇ ತಡ, ಅವನ ದೆಸೆ ತಿರುಗಿತು. ಜನ ಹಳೇ ಅಂಗಿ ತಂದು, “ಒಂದು ಕಳ್ಳಜೇಬು ಹಾಕ್ಕೊಡಪ್ಪ, ಪಕ್ಕದ ಮನೆಯವನಿಗೂ ತಿಳೀಬಾರದು” ಎಂದು ಪಿಸುಗುಡುತ್ತಿದ್ದರು. ಪಕ್ಕದ ಮನೆಯವನು ಆಗಷ್ಟೇ ಅದನ್ನೇ ಹೇಳಿ ಹೋಗಿರುತ್ತಿದ್ದ.

ಮಾವ ಒಮ್ಮೆ ರಟ್ಟಿನ ಅಚ್ಚು ಕತ್ತರಿಸಿದನೆಂದರೆ ಬ್ರಹ್ಮ ಬಂದರೂ ಬದಲಿಸುವವನಲ್ಲ. ಎಲ್ಲರಿಗೂ ಎಡಗಂಕುಳ ಕೆಳಗೇ ಜೇಬು.

“ಊರಿನ ಗುಟ್ಟೆಲ್ಲ ಒಂದೇ ಕಂಕುಳಲ್ಲಿ ತುರುಕ್ತಿದ್ದೀರಲ್ರೀ!” ಎಂದಳು ಗುಂಡಿ ಹಚ್ಚುತ್ತಿದ್ದ ಅತ್ತೆ.

“ನೀನು ಗುಂಡಿ ನೋಡ್ಕೊಳ್ಳೇ.”

ಕುಂಬಳಕಾಯಿ ಕಳ್ಳನೆಂದರೆ ಕದ್ದವನು ಹೆಗಲು ಮುಟ್ಟಿಕೊಳ್ಳುತ್ತಾನಂತೆ. ನಮ್ಮೂರಿನಲ್ಲಿ ಕಳ್ಳ ಎಂದೊಡನೆ ಕದಿಯದವರೆಲ್ಲ ಕಂಕುಳು ಮುಟ್ಟಿಕೊಳ್ಳತೊಡಗಿದರು. ನೋಡುವವರಿಗೆ ಇನ್ನೇನು ಬೇಕು? ಕಳ್ಳಜೇಬುಗಳು ಒಂದೊಂದಾಗಿ ಖಾಲಿಯಾದವು.

ಸೌದೆ ಡಿಪೋದವನು ಪೇದೆಯನ್ನೇ ಕರೆದುಕೊಂಡು ಅಂಗಡಿಗೆ ಬಂದ. “ಜೇಬು ಎಲ್ಲಿದೆ ಅಂತ ಗೊತ್ತಿದ್ದೋರು ಇಬ್ಬರೇ. ನಂದನ್ನ ನಾನೇ ಕದ್ಕೊಂಡಿಲ್ಲ!”

“ನಾಳೆ ಠಾಣೆಗೆ ಬಾ” ಎಂದ ಪೇದೆ. ಮಾವನ ಮುಖ ಸುಟ್ಟ ಬದನೆಕಾಯಿಯಾಯಿತು. ಕಳ್ಳನೆಂಬ ಹೆಸರು ಹೊತ್ತ ದರ್ಜಿಗೆ ಯಾರು ಬಟ್ಟೆ ಕೊಟ್ಟಾರು?

ಅದೇ ಮಧ್ಯಾಹ್ನ ಯಾರೋ ಒಬ್ಬ ಸಣಕಲ ಬಂದು, ತೊಟ್ಟ ಅಂಗಿಯನ್ನೇ ಬಿಚ್ಚಿಕೊಟ್ಟ. “ಕಾಲ ಕೆಟ್ಟಿದೆ ಯಜಮಾನ್ರೇ, ಯಾರನ್ನೂ ನಂಬೋ ಹಾಗಿಲ್ಲ. ನಂಗೊಂದು ಕಳ್ಳಜೇಬು ಹಾಕಿ. ಆದ್ರೆ ಹಿಂದಿನ ಮೂಲೆಗೆ ಗಂಟು ಹಾಕಿ. ನೀವು ಹಾಕಲ್ಲ.”

ಮಾವ ಕೆರಳಿದ. “ನನ್ನ ಹೊಲಿಗೆಗೆ ಗಂಟಿಲ್ಲ ಅಂತ ಯಾವನೋ ಹೇಳಿದ್ದು?”

“ಹೇಳೋದೇನು? ಒಂದೆಳೆ ಹಿಡಿದು ಎಳೆದ್ರೆ ಸರ್ರಂತ ಬಂದ್ಬಿಡುತ್ತೆ. ಕತ್ತರೀನೇ ಬೇಡ.”

“ಗಂಟಿದೆ ಕಣೋ!”

“ಎಲ್ಲಿದೆ? ಡಿಪೋದವರ ಅಂಗೀಲೂ ಇರ್ಲಿಲ್ಲ!”

ಮಾವ ಇನ್ನೂ ವಾದಕ್ಕೇ ನಿಂತಿದ್ದ. ಅತ್ತೆ ಮಾತ್ರ ಮೆಲ್ಲಗೆ ಆ ಅಂಗಿಯನ್ನೆಳೆದು, ಅದರ ಮೇಲೆ ಕೂತುಬಿಟ್ಟಳು.

“ಅಕ್ಕಾ, ಅಂಗಿ...”

“ಕೊಡ್ತೀನಪ್ಪ. ಪೊಲೀಸಿನವರು ಬರ್ಲಿ” ಎಂದು ಅತ್ತೆ ಪಕ್ಕದಂಗಡಿಯ ಹುಡುಗನನ್ನು ಠಾಣೆಗೆ ಓಡಿಸಿದಳು.

ಹೊರಗೆ ತುಂಬಿದ ಬೀದಿ. ಊರ ಜೇಬಿಗೆಲ್ಲ ಕೈ ಹಾಕಿದವನಿಗೆ ತೂತು ಬನಿಯನ್ನಿನಲ್ಲಿ ಬೀದಿಗಿಳಿಯಲು ನಾಚಿಕೆ! ಪೇದೆ ಬರುವವರೆಗೂ ಕೈಕಟ್ಟಿ ಕೂತಿದ್ದ.

ಬಾಗಿಲ ಮುಂದೆ ಊರೇ ನೆರೆಯಿತು. “ಇವನೇ ಕಳ್ಳ ಅಂತ ಹೇಗೆ ಹೇಳ್ತೀಯ?” ಎಂದು ಪೇದೆ ಕೇಳಿದ. ಮಾವ ಅಳತೆಯ ಟೇಪು ಸುತ್ತಿದ, ಬಿಚ್ಚಿದ. ಹೇಳಿದರೆ ಕಸಬಿನ ಮಾನ ಹೋಗುತ್ತದೆ, ಹೇಳದಿದ್ದರೆ ತಾನೇ ಕಳ್ಳ. ಅತ್ತೆಯ ಕಡೆ ನೋಡಿದ. ಅವಳು ಗುಂಡಿ ನೋಡಿಕೊಳ್ಳುತ್ತಿದ್ದಳು.

“ನಾನು... ಹಿಂದಿನ ಮೂಲೆಗೆ ಗಂಟು ಹಾಕಲ್ಲ” ಎಂದ ಮಾವ, ನೆಲ ನೋಡುತ್ತ. “ಬಿಚ್ಚಿದೋನಿಗೆ ಮಾತ್ರ ಅದು ಗೊತ್ತು.”

“ನೋಡಿದ್ರಾ, ನಾನು ಹೇಳ್ಲಿಲ್ವಾ!” ಎಂದು ಕಳ್ಳ ಗೆದ್ದವನಂತೆ ಜನರ ಕಡೆ ತಿರುಗಿದ.

ಪೇದೆ ಅವನ ರಟ್ಟೆ ಹಿಡಿದು ಹೊರಟವನು ಬಾಗಿಲಲ್ಲಿ ನಿಂತ. ತನ್ನ ಎಡಗೈಯನ್ನು ಮೈಗೆ ಒತ್ತಿಕೊಂಡೇ ಇದ್ದ. ಮಾವನ ಕಿವಿಯ ಹತ್ತಿರ ಬಗ್ಗಿ, “ಸಂಜೆ ನಂದೂ ತರ್ತೀನಿ. ಎರಡು ಗಂಟು ಹಾಕು” ಎಂದ.